ಅಂಟು ಸುರಿಸದ ಮರ

ಕೆಂಬಟ್ಟಲಿನಲ್ಲಿ ಬೆಳಗು ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಒಂದು ಕಾಲಕ್ಕೆ ಅದಿರು ತೆಗೆದೂ ತೆಗೆದೂ ಬೆಟ್ಟವೇ ಬಟ್ಟಲಾಗಿಹೋಗಿದ್ದ ಜಾಗ ಅದು. ಹೊರಗಿನ ಬಿಸಿಲು ಮನುಷ್ಯರು ತಾಳಲಾರದಷ್ಟು ಏರಿದಾಗ ಸುತ್ತಲಿನ ಊರಿನವರು ಆ ಬಟ್ಟಲಿನೊಳಕ್ಕೆ ಇಳಿದು, ಮೇಲೊಂದು ತೆಳು ಪೊರೆ ಹೊದಿಸಿಕೊಂಡು, ಹಿಂದೆ ಲಾರಿಗಳು ಹತ್ತಿಳಿಯುತ್ತಿದ್ದ ಸುತ್ತುಗಳಲ್ಲೇ ಮನೆ ಕಟ್ಟಿಕೊಂಡಿದ್ದರು. ಬಿಸಿಲು ಮೊದಲು ಮೇಲಿನ ಸುತ್ತಿನ, ಸೂಜಿಯಂಥ ಎಲೆಯ ಸೂಜಿಮರಗಳ ತುದಿಗೆ ತಾಗಿ, ಒಂದೊಂದೇ ಸುತ್ತು ಇಳಿದು ತಳದ ಕೊಳ ಮುಟ್ಟುವಷ್ಟರಲ್ಲಿ ಮಂಜು ಕರಗಿ, ಊರಿಗೆ ಊರೇ ಆ ಮರಗಳ ಅಂಟಿನ ಘಮದಲ್ಲಿ ತೇಲುತ್ತಿತ್ತು. ಆ ಹೊತ್ತಿನಲ್ಲಿ ಅಲ್ಲಿನ ಜನ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಮರಗಳಿಗೆ ತೊಂದರೆಯಾದೀತೆಂದಲ್ಲ, ಮರಗಳ ಮಾತು ಕೇಳುವವರಿಗೆ ತೊಂದರೆಯಾದೀತೆಂದು.

ಮರದ ಮಾತು ಎಂದರೆ ಬಾಯಾರಿಕೆಯ ಮಾತು. ಬೇರಿನಿಂದ ತುದಿಯವರೆಗೆ ಮರದೊಳಗೆ ನೀರು ಎಳೆಎಳೆಯಾಗಿ ಜಗ್ಗಿಕೊಂಡು ನಿಂತಿರುತ್ತದೆ. ನೆಲ ಒಣಗಿದಾಗ ಆ ಎಳೆ ಬಿಗಿದು ಎಲ್ಲೋ ಒಂದು ಕಡೆ ತುಂಡಾಗುತ್ತದೆ. ತುಂಡಾಗುವಾಗ ಮನುಷ್ಯರ ಕಿವಿಗೆ ನಿಲುಕದಷ್ಟು ಸಣ್ಣದೊಂದು ಸದ್ದು. ಅದನ್ನು ಹಿಡಿಯುವ ಬಿಲ್ಲೆಯೊಂದನ್ನು ಹಿರಿಯರು ಮಾಡಿಕೊಂಡಿದ್ದರು. ಉಗುರಿನಷ್ಟಗಲದ ಅದನ್ನು ತೊಗಟೆಗೆ ಒತ್ತಿ ಕೂರಿಸಿ, ತಂತಿಯೆಳೆದು ಕೇಳುಮನೆಗೆ ತಂದುಬಿಟ್ಟರೆ ಆಯಿತು. ಅಲ್ಲಿ ತಂತಿಯ ತುದಿಯ ಕೇಳುಬಟ್ಟಲನ್ನು ಕಿವಿಗೆ ಹಿಡಿದರೆ ಮರದ ಸದ್ದು ಕೇಳುತ್ತಿತ್ತು. ಮರಗಿವಿ ಎಂದು ಅದರ ಹೆಸರು. ಯಾವ ಮರ ಹೆಚ್ಚು ಟಿಕ್ಕೆನ್ನುತ್ತದೋ ಆ ಮರದ ಬುಡಕ್ಕೆ ನೀರು. ಕೇಳದ ಮರಕ್ಕೆ ತೊಟ್ಟೂ ಇಲ್ಲ. ಇಷ್ಟು ಕಟ್ಟುನಿಟ್ಟಿಲ್ಲದಿದ್ದರೆ ಕೆಂಬಟ್ಟಲು ಎಂದೋ ಒಣಗಿ ಹೋಗುತ್ತಿತ್ತು.

ಮೂರನೆಯ ಸುತ್ತಿನ ಮರಗಳನ್ನು ಕೇಳುವವಳು ಹುಲಿಗೆಮ್ಮ. ಒಮ್ಮೆ ಕೇಳಿದ್ದನ್ನು ಇನ್ನೊಮ್ಮೆ ಕೇಳದೆ ನಂಬುವವಳಲ್ಲ. ಎರಡನೆಯ ಸಲ ಕೇಳಿದ ಮೇಲೂ ಪಕ್ಕದ ಕುರ್ಚಿಯವಳ ಕಿವಿಗೆ ತನ್ನ ಕೇಳುಬಟ್ಟಲನ್ನು ಹಿಡಿದು, "ಟಿಕ್ ಅಂತು ಹೌದಲ್ಲ?" ಎಂದು ವಿಚಾರಿಸುವಳು. ಕೇಳುಮನೆಯ ಹಿರಿಯರಾದ ಶೇಕ್ಷಾವಲಿ ಅದನ್ನು ನೋಡಿ ನಗುತ್ತಿದ್ದರು.

"ಹುಲಿ ಹೆಸರಿಟ್ಕೊಂಡು ಇಲಿ ಹಂಗ ಅಂಜ್ತೀಯಲ್ಲವಾ. ನಿಮ್ಮವ್ವ ಹೆಸರಿಡೂ ಮುಂದ ನಿನ್ನ ಮಾರಿ ನೋಡಿರಲಿಲ್ಲೇನು?"

"ತಪ್ಪು ಕೇಳಿದ್ರ ಮರ ಸಾಯ್ತದಲ್ರೀ ಸಾಹೇಬ್ರ."

"ಸಾಯೂದಿಲ್ಲ ಬಿಡು. ಸೂಜಿಮರ ಅಷ್ಟು ಲಗೂನ ಸಾಯೂ ಜಾತಿ ಅಲ್ಲ."

ಅದು ನಿಜ. ಸಂಜೆ ಶಾಲೆಯಲ್ಲಿ ಅವಳಿಗೆ ಅದನ್ನು ಕಲಿಸಿದವರೂ ಶೇಕ್ಷಾವಲಿಯವರೇ. ಸೂಜಿಮರದೊಳಗೆ ನೀರು ಹರಿಯುವುದು ಸಣ್ಣ ಸಣ್ಣ ಕೋಣೆಗಳಲ್ಲಿ, ಕೋಣೆಗೊಂದು ಕದ. ಒಂದು ಕಡೆ ನೀರಿನ ಎಳೆ ತುಂಡಾಗಿ ಗಾಳಿ ನುಗ್ಗಿದರೆ ಆ ಕದ ತಾನೇ ಮುಚ್ಚಿಕೊಳ್ಳುತ್ತದೆ, ಪಕ್ಕದ ಕೋಣೆ ಉಳಿಯುತ್ತದೆ. ಹಾಗಾಗಿಯೇ ಸೂಜಿಮರದ ಸದ್ದು ದೂರದಲ್ಲಿ ಯಾರೋ ಸಾಸಿವೆ ಸಿಡಿಸಿದಂತೆ ಬಿಡಿಬಿಡಿ. ಹೂಮರ ಹಾಗಲ್ಲ. ಅದರದ್ದು ಉದ್ದುದ್ದ ಅಗಲ ಕೊಳವೆ. ಗಟಗಟ ಕುಡಿಯುತ್ತದೆ, ಬೇಗ ಬೆಳೆಯುತ್ತದೆ. ಆದರೆ ಒಂದು ಗುಳ್ಳೆ ಸೇರಿತೆಂದರೆ ಕೊಳವೆಗೆ ಕೊಳವೆಯೇ ಹೋಯಿತು. ಊರು ಕಟ್ಟಿದ ಹೊಸತರಲ್ಲಿ ಹಿರಿಯರು ತಂದು ನೆಟ್ಟ ಹೂಮರಗಳೆಲ್ಲ ಒಂದೇ ಬೇಸಗೆಯಲ್ಲಿ ಒಣಗಿದ್ದವಂತೆ. ಅಂದಿನಿಂದ ಕೆಂಬಟ್ಟಲಿಗೆ ಸೂಜಿಮರಗಳಷ್ಟೇ. ತಳದ ಮಡಿಗಳಲ್ಲಿ ನವಣೆ, ಸಜ್ಜೆ ಇದ್ದವು. ಅವೂ ಹೂಗಿಡದ ಕುಲದವೇ ಎಂದು ಶೇಕ್ಷಾವಲಿ ಹೇಳಿದಾಗ ಪಾಠಕ್ಕೆ ಕೂತವರು ನಂಬಿರಲಿಲ್ಲ. ನವಣೆಯ ಹೂವನ್ನು ಯಾರು ತಾನೆ ಹೂವೆಂದು ನೋಡಿದ್ದಾರೆ?

ಆ ಶಾಲೆಯ ಒಂದು ಸಂಜೆ ಮಾತ್ರ ಹುಲಿಗೆಮ್ಮನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಅಂದು ಶೇಕ್ಷಾವಲಿ ಬೀಜದ ಪಾಠ ಮಾಡುತ್ತಿದ್ದರು.

"ಸೂಜಿಮರದ ಬೀಜ ಬೆತ್ತಲಿ. ಕಾಯಿ ಒಳಗ ಅಡಗಿರೂದಿಲ್ಲ, ಕವಚಿದ ಹೆಡಿಗಿ ಮ್ಯಾಲೆ ಕುಂತಂಗ ಕುಂತಿರ್ತದ. ಇನ್ನೊಂದು ಮಾತು ಕೇಳ್ರಿ. ಬೀಜದೊಳಗ ಕೂಸಿಗೆ ಬುತ್ತಿ ಬೇಕಲ್ಲ? ಸೂಜಿಮರ ಕೂಸು ಹುಟ್ಟೂಕಿಂತ ಮೊದಲ ಬುತ್ತಿ ಕಟ್ಟಿಡ್ತದ. ನೆಂಟ ಬರ್ತಾನೋ ಇಲ್ಲೋ ಗೊತ್ತಿಲ್ಲ, ಆದ್ರ ಅಡುಗಿ ತಯಾರ. ಹೂಮರ ಜಾಣ. ನೆಂಟ ಬಾಗಿಲಿಗೆ ಬಂದ ಮ್ಯಾಲ ಒಲಿ ಹಚ್ತದ."

"ನೆಂಟ ಬರದಿದ್ರ?" ಎಂದು ಯಾರೋ ಕೇಳಿದ್ದರು.

"ಬರದಿದ್ರ ಅಡುಗಿ ಹಳಸ್ತದ. ಮತ್ತೇನು!"

ಎಲ್ಲರೂ ನಕ್ಕಿದ್ದರು, ಆ ಮಾತು ಊರಿನವರ ಬಾಯಲ್ಲೂ ಉಳಿದುಬಿಟ್ಟಿತ್ತು. ಹುಲಿಗೆಮ್ಮ ನಕ್ಕಿರಲಿಲ್ಲ. ಅದಕ್ಕೂ ಮೊದಲು, ಅವಳು ಬಸುರಿಯಾಗಿದ್ದಾಗ, ಅಟ್ಟದಲ್ಲಿದ್ದ ತೊಟ್ಟಿಲನ್ನು ತಾನೇ ಇಳಿಸಿ ಒರೆಸಿದ್ದಳು. ಅದರೊಳಗಿದ್ದ ತಗಡಿನ ಗಿಲಕಿಯನ್ನು ತಿಕ್ಕಿ ತಿಕ್ಕಿ ಹೊಳೆಸಿದ್ದಳು. ಅತ್ತೆ ತಿಪ್ಪಮ್ಮನ ಮುತ್ತಜ್ಜಿಯ ಕಾಲದ ಗಿಲಕಿ ಅದು. "ಹುಟ್ಟೂಕಿಂತ ಮೊದಲ ತೊಟ್ಲ ಇಳಸಬಾರದವಾ, ಒಳ್ಳೇದಲ್ಲ," ಎಂದು ಅತ್ತೆ ತಡೆದಿದ್ದಳು. ಹುಲಿಗೆಮ್ಮ ಕೇಳಿರಲಿಲ್ಲ. ಕೂಸು ಉಸಿರಿಲ್ಲದೆ ಹುಟ್ಟಿತು. ತಿಪ್ಪಮ್ಮ ಅದನ್ನು ತೊಳೆದು, ಬಿಳಿ ಬಟ್ಟೆ ಸುತ್ತಿ, ಮೂರನೆಯ ಸುತ್ತಿನ ಅಂಚಿಗೆ ಮಕ್ಕಳನ್ನು ಮಣ್ಣು ಮಾಡುವ ಜಾಗದಲ್ಲಿ ಮಲಗಿಸಿ ಬಂದಳು. ಗಿಲಕಿಯನ್ನೂ ಅದರ ಪಕ್ಕದಲ್ಲೇ ಇಟ್ಟು ಬಂದಳೆಂದು ಹುಲಿಗೆಮ್ಮನಿಗೆ ಗಂಡ ಗಾದಿಲಿಂಗನಿಂದ ಗೊತ್ತಾಗಿತ್ತು. ಆಮೇಲೆ ಅತ್ತೆ ಸೊಸೆಯರು ಉಪ್ಪು, ನೀರು, ರೊಟ್ಟಿಗಳ ಮಾತೆಲ್ಲ ಆಡಿದರು. ಆ ಮಾತೊಂದನ್ನು ಆಡಲಿಲ್ಲ.

ಮರುವರ್ಷ ಅಲ್ಲೊಂದು ಸಸಿ ಎದ್ದಿತು. ಸೂಜಿಯಲ್ಲ, ಅಂಗೈಯಂಥ ಎಲೆಗಳು. ಸೂಜಿಮರದ ಉದುರು ಬಿದ್ದು ಹುಳಿಯೇರಿದ ಮಣ್ಣಿನಲ್ಲಿ ತಗಡು ತುಕ್ಕು ಹಿಡಿದು ಬಾಯಿ ಬಿಟ್ಟಿರಬೇಕು. ಗಿಲಕಿಯೊಳಗೆ ಗಲಗಲ ಎನ್ನುತ್ತಿದ್ದದ್ದು ಹರಳಲ್ಲ, ಬೀಜ. ಅತ್ತೆ ಸೊಸೆಯರಿಬ್ಬರಿಗೂ ಅದು ಹೊಳೆದಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಶೇಕ್ಷಾವಲಿ ಎಲೆಯನ್ನು ತಿರುಗಿಸಿ ನೋಡಿ, "ಹೂಮರದ ಕುಲ. ತಾನಾಗಿ ಬಂದದ್ದು, ಇರಲಿ, ಎಲ್ಲಾರ ಹಂಗ ಕೇಳೂಣು," ಎಂದು ಅದಕ್ಕೂ ಒಂದು ಮರಗಿವಿ ಕೂರಿಸಿದರು. ವರ್ಷಗಳು ಕಳೆದು ಸಸಿ ಮನೆಯೆತ್ತರದ ಮರವಾಯಿತು. ಎಲೆಮರ ಎಂದೇ ಊರವರು ಅದನ್ನು ಕರೆದರು. ಹುಲಿಗೆಮ್ಮ ದಿನದ ಕೆಲಸವನ್ನು ಅದರಿಂದಲೇ ಶುರುಮಾಡುತ್ತಿದ್ದಳು. ಅದು ಹೆಚ್ಚು ಸದ್ದು ಮಾಡುವ ಮರವಲ್ಲ. ಮಾಡಿದರೆ ತೊಟ್ಟಿಲ ಹಗ್ಗ ಕಿರುಗುಟ್ಟಿದಂತೆ ಒಂದೇ ಒಂದು ಮೆಲು ಸದ್ದು.

ಆ ಬೇಸಗೆಯ ಆರಂಭದಲ್ಲಿ ಎಲೆಮರದ ಎಲೆ ಹಳದಿಗೆ ತಿರುಗಿತು. ಹಿಂದಿನ ವರ್ಷಗಳಲ್ಲೂ ಅದು ಒಂದಿಷ್ಟು ಎಲೆ ಚೆಲ್ಲಿ ಬೇಗನೆ ಚಿಗುರಿಕೊಂಡಿತ್ತು. ಈ ಸಲ ಹಾಗಾಗಲಿಲ್ಲ. ಒಂದೊಂದಾಗಿ ಉದುರಿ ಉದುರಿ, ಒಂದು ಬೆಳಿಗ್ಗೆ ನೋಡಿದರೆ ಕೊಂಬೆಗಳೆಲ್ಲ ಬೋಳು. ಸೂಜಿಮರವೂ ಸೂಜಿ ಚೆಲ್ಲುತ್ತದೆ, ಆದರೆ ಹೊಸ ಸೂಜಿ ಇರುವಾಗಲೇ ಹಳೆಯದು ಬೀಳುವುದರಿಂದ ಯಾರ ಕಣ್ಣಿಗೂ ಕಾಣುವುದಿಲ್ಲ. ಕೆಂಬಟ್ಟಲಿನಲ್ಲಿ ಬೋಳಾದ ಮರವೆಂದರೆ ಸತ್ತ ಮರ. ಮೂರು ತಲೆಮಾರಿನಿಂದ ಅಲ್ಲಿ ಹುಟ್ಟಿದ ಯಾರೂ ಬೇರೆಯದನ್ನು ಕಂಡಿರಲಿಲ್ಲ.

ಸತ್ತ ಮರವನ್ನು ಕಡಿಯುವುದು ಪದ್ಧತಿ. ಕಡಿದರೆ ಸಾಲದು, ಬೇರುಸಮೇತ ಅಗೆದು ತೆಗೆದು, ಆ ಗುಂಡಿಯಲ್ಲೇ ಹೊಸ ಸೂಜಿಸಸಿ ನೆಡಬೇಕು. ಆ ಬೇರು ಯಾರನ್ನು ಅಪ್ಪಿಕೊಂಡಿದೆಯೆಂದು ಹುಲಿಗೆಮ್ಮನಿಗೆ ಗೊತ್ತಿತ್ತು.

ಕೇಳುಮನೆಯ ಗೋಡೆಯಲ್ಲಿ ಮರಕ್ಕೊಂದು ಕೊಕ್ಕೆ. ಬದುಕಿದ ಮರದ ಕೊಕ್ಕೆಗೆ ಹಸಿರು ಬಿಲ್ಲೆ, ಸತ್ತದ್ದಕ್ಕೆ ಕೆಂಪು. ಹಾಕಬೇಕಾದವಳು ಆ ಸುತ್ತನ್ನು ಕೇಳುವವಳೇ. ಹುಲಿಗೆಮ್ಮ ಕೇಳುಬಟ್ಟಲನ್ನು ಕಿವಿಗೆ ಒತ್ತಿ ಕೂತಳು. ಏನೂ ಇಲ್ಲ. ನೀರು ಬಿಡಿಸಿ ಕೇಳಿದಳು. ಏನೂ ಇಲ್ಲ. ಬೆಳಕು ಮೇಲಿನ ಸುತ್ತಿಗೆ ತಾಗುವ ಮೊದಲೇ ಬಂದು ಕೇಳಿದಳು. ಆಗ ಏನೋ ಇತ್ತು. ಸದ್ದಲ್ಲ, ತುಂಬಿದ ಕೊಡದ ಬಾಯಿಗೆ ಕಿವಿಯಿಟ್ಟರೆ ಕೇಳುವಂಥ ಒಂದು ಗುಂ. ಮರ ಬೇರಿನಿಂದ ನೀರು ಒತ್ತಿ ಏರಿಸುತ್ತಿರಬಹುದೇ? ಅಥವಾ ಇದು ತನ್ನದೇ ರಕ್ತದ ಸದ್ದೇ? ಪಕ್ಕದವಳ ಕಿವಿಗೆ ಹಿಡಿದಳು. "ನನಗೇನೂ ಕೇಳವಲ್ದು," ಎಂದಳು ಆಕೆ. ಇನ್ನೊಮ್ಮೆ ತಾನು ಕೇಳಿದರೆ ಹುಲಿಗೆಮ್ಮನಿಗೂ ಕೇಳಲಿಲ್ಲ.

ಹಸಿರು ಬಿಲ್ಲೆ ಹಾಕಿಬಿಟ್ಟರೆ ಯಾರೂ ಕೇಳುತ್ತಿರಲಿಲ್ಲ. ಬಿಲ್ಲೆ ಕೈಯಲ್ಲಿತ್ತು. ಆದರೆ ಕೇಳಿಸದ್ದನ್ನು ಕೇಳಿಸಿತೆಂದರೆ ನಾಳೆ ಅವಳ ಕಿವಿಯನ್ನು ಅವಳೇ ನಂಬುವ ಹಾಗಿಲ್ಲ. ಕೆಂಪನ್ನೂ ಹಾಕಲಾಗಲಿಲ್ಲ. ಅವಳು ಕೊಕ್ಕೆಯನ್ನು ಖಾಲಿ ಬಿಟ್ಟಳು.

ಶೇಕ್ಷಾವಲಿ ಖಾಲಿ ಕೊಕ್ಕೆಯನ್ನು ದಿಟ್ಟಿಸಿದರು. "ಇದೇನವಾ?"

"ಗೊತ್ತಿಲ್ಲ ಅಂತ ಹೇಳಾಕ ಬಿಲ್ಲೆ ಇಲ್ಲಲ್ರೀ."

"ಊರಿನ ಪದ್ಧತಿ ನನಗೊಬ್ಬನಿಗೆ ಬದಲಿ ಮಾಡಾಕ ಬರೂದಿಲ್ಲ. ಕಡಿಯೂ ಮಂದಿ ಬಂದು ಅಂಟು ನೋಡ್ತಾರ. ಅಂಟು ಬಂದ್ರ ಬದುಕೇತಿ, ಇಲ್ಲಾಂದ್ರ ಇಲ್ಲ. ಅಷ್ಟ ನಾ ಕೊಡಬಹುದಾದ ಅವಕಾಶ."

ಮನೆಯಲ್ಲಿ ಆ ಮಧ್ಯಾಹ್ನ ತಿಪ್ಪಮ್ಮ ರೊಟ್ಟಿ ಬಡಿಯುತ್ತಿದ್ದಳು. ಗಾದಿಲಿಂಗ ಮೇಲಿನ ಪೊರೆ ಒರೆಸುವ ಕೆಲಸ ಮುಗಿಸಿ ಬಂದು ಗೋಡೆಗೊರಗಿದ್ದ. ಹುಲಿಗೆಮ್ಮ ಗಂಡನಿಗೆ ಹೇಳುವಂತೆ ಅತ್ತೆಗೆ ಕೇಳಲೆಂದೇ ಹೇಳಿದಳು: "ನಾಳೆ ಎಲೆಮರ ಕಡಿಯಾಕ ಬರ್ತಾರ. ಬೇರು ಅಗೀತಾರ."

ರೊಟ್ಟಿಯ ಸದ್ದು ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು.

"ಯವ್ವ, ಕೇಳಿಸ್ತೇನು?" ಎಂದ ಗಾದಿಲಿಂಗ.

"ಕಿವುಡಿ ಆಗಿಲ್ಲ ನಾನಿನ್ನಾ," ಎಂದಳು ತಿಪ್ಪಮ್ಮ. "ರೊಟ್ಟಿ ತಿನ್ನು, ಆರ್ತದ."

ಮರುದಿನ ಕೊಡಲಿಯವರ ಮುಂದಾಳು ಎರಿಸ್ವಾಮಿ ನಾಲ್ಕಾರು ಜನರೊಂದಿಗೆ ಬಂದ. ಒಳ್ಳೆಯ ಮನುಷ್ಯ, ಸತ್ತ ಮರಕ್ಕೂ ಅರಿಸಿನ ಹಚ್ಚಿ ಕೈಮುಗಿಯದೆ ಕೊಡಲಿ ಎತ್ತುವವನಲ್ಲ. ಕೈಮುಗಿದು, ಬುಡದ ತೊಗಟೆಯನ್ನು ಉಳಿಯಿಂದ ಒಂದು ಬೆರಳಗಲ ಕೆತ್ತಿದ. ಸೂಜಿಮರವಾದರೆ ಗಾಯದಿಂದ ಜೇನಿನಂಥ ಅಂಟು ಜಿನುಗಿ ಗಾಯವನ್ನು ಮುಚ್ಚಬೇಕು. ಎಲ್ಲರೂ ಕಾದರು. ಅಂಟು ಬರಲಿಲ್ಲ.

"ನೋಡವಾ ಹುಲಿಗೆಮ್ಮ, ತಪ್ಪು ತಿಳೀಬ್ಯಾಡ. ಎಲಿ ಇಲ್ಲ, ಸದ್ದಿಲ್ಲ, ಅಂಟಿಲ್ಲ. ಇನ್ನೇನು, ಅದ ಬಾಯಿ ಬಿಟ್ಟು ಹೇಳಬೇಕೇನು?"

ಹುಲಿಗೆಮ್ಮನಿಗೆ ಸಂಜೆ ಶಾಲೆಯ ಪಾಠವೆಲ್ಲ ಒಮ್ಮೆಗೇ ನೆನಪಾಯಿತು, ಒಂದೂ ಕೂಡಿಬರಲಿಲ್ಲ. ಅಂಟು ಸುರಿಸುವುದು ಸೂಜಿಮರದ ಗುಣ, ಹೂಮರಕ್ಕೂ ಇರಲೇಬೇಕೆಂದೇನಿದೆ? ಇರಬೇಕೋ ಏನೋ. ಪುಸ್ತಕದಲ್ಲಿ ಇತ್ತೇ? "ಆದ್ರ..." ಎಂದಳು. ಎರಿಸ್ವಾಮಿ ಕೊಡಲಿ ತೆಗೆದುಕೊಂಡ.

"ತಡಿಯಪ್ಪ."

ತಿಪ್ಪಮ್ಮ ಹಿಟ್ಟಿನ ಕೈಯಲ್ಲೇ ಏದುಸಿರು ಬಿಡುತ್ತ ಸುತ್ತು ಹತ್ತಿ ಬಂದಿದ್ದಳು. ಸೀರೆಯಂಚಿಗೆ ಕೈ ಒರೆಸಿಕೊಂಡು, ಮರದ ಮುಂದೆ ಕುಕ್ಕರಗಾಲಲ್ಲಿ ಕೂತು, ಗಾಯದೊಳಗೆ ಬೆರಳಿಟ್ಟಳು. ಬಹಳ ಹೊತ್ತು ಇಟ್ಟಳು. ಕಣ್ಣು ಮುಚ್ಚಿಕೊಂಡಿದ್ದಳು.

"ಇದು ಸತ್ತಿಲ್ಲ."

"ನಿನಗ ಹೆಂಗ ಗೊತ್ತಬೇ ಅಜ್ಜಿ?" ಎಂದ ಎರಿಸ್ವಾಮಿ, ಮೆತ್ತಗೆ.

"ಸತ್ತದ್ದು ಹೆಂಗಿರ್ತದ ಅಂತ ನನಗ ಗೊತ್ತು. ಈ ಕೈಲೆ ತೊಳದೀನಿ." ಅವಳು ಸೊಸೆಯ ಕಡೆ ತಿರುಗಿರಲಿಲ್ಲ, ಮರಕ್ಕೇ ಹೇಳುತ್ತಿದ್ದಳು. "ಬೆಚ್ಚಗ ನೀರು ಕಾಸಿ ತೊಳದೀನಿ, ತೊಳದಷ್ಟೂ ತಣ್ಣಗ. ಚರ್ಮ ಬೆರಳಿಗೆ ಒಗ್ಗತಿರಲಿಲ್ಲ, ಬ್ಯಾರೆ ಆಗಿಬಿಟ್ಟಿತ್ತು. ಇದು ಹಂಗಿಲ್ಲ. ಇದು ಒದ್ದಿ ಐತಿ, ಬೆರಳು ಬಿಡವಲ್ದು. ಕಡಿಯೂದಾದ್ರ ನನ್ನ ಕಡದು ಆಮ್ಯಾಲ ಕಡೀರಿ."

ಎರಿಸ್ವಾಮಿ ತಾನೂ ಬೆರಳಿಟ್ಟು ನೋಡಿದ. ತೊಗಟೆಯ ಕೆಳಗೆ ತೆಳ್ಳಗೆ ಹಸಿರಿತ್ತು. ಅದನ್ನು ಅವನು ಅರ್ಥಮಾಡಿಕೊಂಡನೋ ಇಲ್ಲವೋ, ಕೊಡಲಿಯನ್ನು ಹೆಗಲಿಗೇರಿಸಿ, "ಮುಂದಿನ ಸರದಿಗೆ ಬರ್ತೀನಿ. ಮುದುಕಿ ಕಡಿಯೂ ಪದ್ಧತಿ ನಮ್ಮಲ್ಲಿಲ್ಲ," ಎಂದು ತನ್ನವರನ್ನು ಕರೆದುಕೊಂಡು ಇಳಿದುಹೋದ. ಹುಲಿಗೆಮ್ಮ ಅತ್ತೆಯ ಪಕ್ಕದಲ್ಲಿ ಕೂತಳು. ತಿಪ್ಪಮ್ಮ ಹಿಟ್ಟು ಮೆತ್ತಿದ ಕೈಯಿಂದಲೇ ಅವಳ ತಲೆ ನೇವರಿಸಿದಳು. "ಗಂಡುಕೂಸು, ನೀ ನೋಡಿದಿಯೋ ಇಲ್ಲೋ. ಮೂಗು ನಿಂದ ಇತ್ತವಾ," ಎಂದಳು. ಹುಲಿಗೆಮ್ಮ ಅಂದು ಅತ್ತಳು; ಅಷ್ಟು ವರ್ಷ ಅತ್ತಿರಲಿಲ್ಲ.

ಮುಂದಿನ ಸರದಿ ಬರುವ ಮೊದಲೇ ಎಲೆಮರ ಹೂ ಬಿಟ್ಟಿತು. ಬೋಳು ಕೊಂಬೆಗಳಿಂದ ಹಳದಿ ಸರಗಳು ಇಳಿಬಿದ್ದವು, ಮೊದಲು ಒಂದೆರಡು, ಆಮೇಲೆ ಎಣಿಸಲಾರದಷ್ಟು. ಬೆಳಗಿನ ಬೆಳಕು ಮೂರನೆಯ ಸುತ್ತಿಗೆ ಇಳಿದಾಗ ಮಂಜಿನಲ್ಲಿ ದೀಪದ ಗೊಂಚಲು ತೂಗಿದಂತೆ ಕಾಣುತ್ತಿತ್ತು. ಕೆಳಗಿನ ಸುತ್ತುಗಳವರು ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡಿಬಂದು, ಕೊಡಗಳನ್ನು ಇಳಿಸಿ ತಲೆಯೆತ್ತಿ ನೋಡಿದರು. ಶೇಕ್ಷಾವಲಿ ಹಳೆಯ ಚಿತ್ರಗಳನ್ನೆಲ್ಲ ಹುಡುಕಿ ಬಂದು, "ಕಕ್ಕೆ. ಇದರ ಹೆಸರು ಕಕ್ಕೆ," ಎಂದರು. ಆಮೇಲೆ ಕೇಳುಮನೆಗೆ ಹೋಗಿ, ಆ ಖಾಲಿ ಕೊಕ್ಕೆಗೆ ತಾವೇ ಹಸಿರು ಬಿಲ್ಲೆ ಹಾಕಿದರು.

ಆದರೆ ಅವರ ಮುಖ ಅರಳಿರಲಿಲ್ಲ. "ಹೂವೇನೋ ಬಂತು, ಕಾಯಿ ಬರೂದಿಲ್ಲ," ಎಂದರು. ವರ್ಷಕ್ಕೊಮ್ಮೆ ದೊಡ್ಡ ಬೀಸಣಿಗೆಗಳನ್ನು ತಿರುಗಿಸಿ ಊರಿನೊಳಗೆ ಗಾಳಿಯೆಬ್ಬಿಸುವ ದಿನ ಒಂದಿತ್ತು. ಅಂದು ಸೂಜಿಮರಗಳ ಪರಾಗ ಹಳದಿ ಹೊಗೆಯಾಗಿ ಬಟ್ಟಲು ತುಂಬುತ್ತಿತ್ತು. ಅವುಗಳ ಬೆತ್ತಲೆ ಬೀಜಗಳು ಒಂದೊಂದು ಹನಿ ಹಿಡಿದು ಕಾಯುತ್ತಿದ್ದವು. ಪುಡಿ ಬಿದ್ದ ಹನಿಯನ್ನು ಒಳಗೆಳೆದುಕೊಂಡುಬಿಟ್ಟರೆ ಮುಗಿಯಿತು. ಆ ವರ್ಷದ ಗಾಳಿಯೂ ಬೀಸಿತು. ಕಕ್ಕೆಯ ಸರಗಳು ತೂಗಾಡಿದವು, ಎಸಳು ಉದುರಿದವು, ಪುಡಿ ಮಾತ್ರ ಕದಲಲಿಲ್ಲ. ಅದು ಕೇಸರದ ಸಣ್ಣ ಚೀಲಗಳೊಳಗೆ ಇತ್ತು, ಬಾಯಿ ಸೂಜಿಮೊನೆಯಷ್ಟು. "ದುಂಬಿ ಬಂದು ಹೂವ ಅಪ್ಪಿಕೊಂಡು ಮೈ ನಡುಗಿಸಿದ್ರ ಮಾತ್ರ ಬೀಳ್ತದಂತ. ದುಂಬಿ ಎಲ್ಲಿಂದ ತರೂಣವಾ?"

ಹುಲಿಗೆಮ್ಮ ತನ್ನ ಕುರ್ಚಿಗೆ ಮರಳಿದಳು. ಹೂ ಉದುರುತ್ತಿತ್ತು. ಬೀಜವಿಲ್ಲದಿದ್ದರೆ ಇದೊಂದೇ ಮರ; ಇದು ಹೋದ ದಿನ ಎಲ್ಲವೂ ಹೋಯಿತು. ಕಕ್ಕೆಯ ತಂತಿಗೆ ಕೇಳುಬಟ್ಟಲು ಜೋಡಿಸಿ ಕಿವಿಗೆ ಹಿಡಿದಳು.

ಯಾರೋ ಹಾಡುತ್ತಿದ್ದರು.

ಹಾಡೂ ಅಲ್ಲ, ಬಾಯಿ ಮುಚ್ಚಿ ಗುನುಗುವ ಜೋಗುಳ. ಮರದೊಳಗಿನಿಂದಲೇ ಬರುತ್ತಿರುವಂತೆ ದಪ್ಪಗೆ, ಬೆಚ್ಚಗೆ. ಎಷ್ಟೋ ಹೊತ್ತಿನ ಮೇಲೆ ಅವಳಿಗೆ ದನಿ ಗುರುತಾಯಿತು. ತಿಪ್ಪಮ್ಮ ಮರಕ್ಕೆ ಕೆನ್ನೆಯೊತ್ತಿ ಕೂತು, ಎಂಟು ವರ್ಷ ಒಳಗಿಟ್ಟುಕೊಂಡಿದ್ದನ್ನು ಹಾಡುತ್ತಿದ್ದಳು. ಅಂಗೈಯಲ್ಲಿದ್ದ ಕೇಳುಬಟ್ಟಲು ಆ ದನಿಗೆ ಸಣ್ಣಗೆ ನಡುಗುತ್ತಿತ್ತು.

ನಡುಗುತ್ತಿತ್ತು. ಹುಲಿಗೆಮ್ಮ ಅದನ್ನೇ ನೋಡಿದಳು. ಎದ್ದು ಶೇಕ್ಷಾವಲಿಯವರ ಮುಂದೆ ಹೋಗಿ ನಿಂತಳು. "ಸಾಹೇಬ್ರ, ತಪ್ಪಾದ್ರ ಬಯ್ಯಬ್ಯಾಡ್ರಿ. ಮರಗಿವಿ ನಡುಕ ಕೇಳ್ತದಲ್ರೀ? ತಿರುಗಿಸಿ ತಂತಿಗೆ ಸದ್ದು ಕೊಟ್ರ ಅದ ನಡುಗ್ತದೇನು, ದುಂಬಿ ಹಂಗ?"

ಮುದುಕರು ಕನ್ನಡಕ ತೆಗೆದರು. "ಕಿವಿ ಬಾಯಿ ಆಗ್ತದೇನು ಅಂತ ಕೇಳ್ತಿ." "ಆಗ್ತದ. ಯಾಕಾಗಬಾರದು!" ಎಂದು ಮಕ್ಕಳಂತೆ ಎದ್ದು ಉಪಕರಣದ ಪೆಟ್ಟಿಗೆ ಹುಡುಕಿದರು.

ಮರುದಿನ ಬೆಳಿಗ್ಗೆ ಗಾದಿಲಿಂಗ ಪೊರೆ ಒರೆಸುವ ಏಣಿ ತಂದು ಮರಕ್ಕೆ ಒರಗಿಸಿದ. ಹುಲಿಗೆಮ್ಮ ಹತ್ತಿ, ಒಂದು ಹೂವಿನ ತೊಟ್ಟಿಗೆ ಮರಗಿವಿಯನ್ನು ಮೆಲ್ಲನೆ ತಾಗಿಸಿ ಹಿಡಿದಳು. ಕೆಳಗೆ ತಿಪ್ಪಮ್ಮನ ಬಾಯಿಯ ಮುಂದೆ ಇನ್ನೊಂದು.

"ಮಂದಿ ಮುಂದ ಹೆಂಗ ಹಾಡ್ಲಿ ನಾನು? ನಾಚಿಕಿ ಬರ್ತದ."

"ಮರದ ಮುಂದ ಹಾಡ್ರಿ ಅತ್ತಿ. ನಿನ್ನೆ ಹಾಡಿದಂಗ."

"ಕದ್ದು ಕೇಳಿದಿ ಹಂಗಾದ್ರ!"

"ಕೇಳೂದ ನನ್ನ ಕೆಲಸ ಅಲ್ರೀ?"

ತಿಪ್ಪಮ್ಮ ನಕ್ಕು, ಕಣ್ಣು ಮುಚ್ಚಿ, ಗುನುಗಲಾರಂಭಿಸಿದಳು. ಮೊದಲು ಏನೂ ಆಗಲಿಲ್ಲ. ಶೇಕ್ಷಾವಲಿ ತಿರುಪು ತಿರುಗಿಸುತ್ತ, "ಸ್ವಲ್ಪ ಏರಿಸ್ರಿ... ಇನ್ನಾ ಸ್ವಲ್ಪ..." ಎನ್ನುತ್ತಿದ್ದರು. ದನಿ ಏರಿ ಒಂದು ಕಡೆ ನಿಂತಿತು. ಹೂವಿಗೆ ಮೈ ಜುಮ್ಮೆಂದಂತಾಯಿತು. ಚೀಲದ ಸೂಜಿಬಾಯಿಗಳಿಂದ ಹಳದಿ ಹುಡಿ ಉಸಿರಿನಂತೆ ಹೊರಬಂದು ಹುಲಿಗೆಮ್ಮನ ಅಂಗೈ ಮೇಲೆ ಬಿದ್ದಿತು. ಅವಳು ಸೆರಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿಮರದ ಒಂದು ಎಲೆಯ ತುದಿಯಿಂದ ಅದನ್ನೆತ್ತಿ, ಇನ್ನೊಂದು ಹೂವಿನ ನಡುವೆ ಬಾಗಿ ನಿಂತಿದ್ದ ಹಸಿರು ನಾಲಗೆಗೆ ಮುಟ್ಟಿಸಿದಳು. ಸರಿಯಾಯಿತೋ ಇಲ್ಲವೋ ಎಂದು ಇನ್ನೊಮ್ಮೆ ಮುಟ್ಟಿಸಿದಳು.

ಹೂಗಳೆಲ್ಲ ಉದುರಿ ಮರ ಹೊಸ ಎಲೆ ಹೊದ್ದಿತು. ಮುಟ್ಟಿಸಿದ ಅಷ್ಟೂ ಹೂಗಳಲ್ಲಿ ಒಂದೇ ಒಂದರ ಜಾಗದಲ್ಲಿ ಹುರಿಯಷ್ಟು ತೆಳ್ಳಗಿನ ಹಸಿರು ಎಳೆಯೊಂದು ಇಳಿಬಿದ್ದು, ದಿನಕಳೆದಂತೆ ಉದ್ದವಾಗತೊಡಗಿತು. ಸೂಜಿಮರದ ಬೀಜದಂತೆ ಗಾಳಿಗೆ ಮೈಯೊಡ್ಡಿಕೊಂಡಿರಲಿಲ್ಲ ಇದರ ಬೀಜ. ಆ ಎಳೆಯೊಳಗೆ ಎಲ್ಲೋ ಕದವಿಕ್ಕಿಕೊಂಡು ಮಲಗಿತ್ತು.

ಒಂದು ಸಂಜೆ ಹುಲಿಗೆಮ್ಮ ಕೆಲಸದಿಂದ ಬಂದಾಗ ಅಟ್ಟದ ತೊಟ್ಟಿಲು ಕೆಳಗಿತ್ತು. ತಿಪ್ಪಮ್ಮ ಅದರ ಕಟ್ಟಿಗೆಗೆ ಎಣ್ಣೆ ಸವರುತ್ತಿದ್ದಳು. ತೊಟ್ಟಿಲೊಳಗೆ ಹೊಸ ತಗಡಿನ ಗಿಲಕಿಯೊಂದು. ಹುಲಿಗೆಮ್ಮ ಎತ್ತಿ ಅಲ್ಲಾಡಿಸಿದಳು. ಸದ್ದಿಲ್ಲ. ಒಂದು ಕಡೆ ಮುಚ್ಚಳ ಬೆಸೆಯದೆ ಬಾಯಿ ತೆರೆದೇ ಬಿಟ್ಟಿದ್ದರು.

"ಖಾಲಿ ಐತಲ್ಲ ಅತ್ತಿ."

"ಕಾಯಿ ಹಣ್ಣಾಗಬೇಕಲ್ಲ ಇನ್ನಾ. ಆಮ್ಯಾಲ ಬೀಜ ಹಾಕಿ ಮುಚ್ಚಿಸೂದು."

ಹುಲಿಗೆಮ್ಮ ತೊಟ್ಟಿಲನ್ನು ನೋಡಿದಳು, ಅತ್ತೆಯನ್ನು ನೋಡಿದಳು. "ಮೊದಲ ಇಳಸಬಾರದು ಅಂತಿದ್ರಿ."

"ಅಂತಿದ್ದೆ." ತಿಪ್ಪಮ್ಮ ಎಣ್ಣೆಯ ಬಟ್ಟೆಯನ್ನು ಸೊಸೆಯ ಕಡೆ ಚಾಚಿ, ಎದ್ದು ಒಲೆಯ ಕಡೆ ನಡೆದಳು. "ಆ ಕಡೀ ಕಾಲು ನೀ ಸವರು. ಅಡುಗಿ ಮಾಡಿಟ್ಟಿರೂಣು. ನೆಂಟ ಯಾವಾಗ ಬರ್ತಾನೋ ಬರಲಿ."